ಹ್ಯಾಂಡಲ್ ಹೊರುವ ಹೊರೆ

ಬೆಂಗಳೂರಿನ ಬಡಾವಣೆಗಳಿಗೆ ನಸುಕಿನಲ್ಲೇ ಪತ್ರಿಕೆ, ಹಾಲು, ಸೊಪ್ಪು ತಲುಪಿಸುವವರಲ್ಲಿ ಸೈಕಲ್ ಸವಾರರು ಇಂದಿಗೂ ಇದ್ದಾರೆ. ಹಿಂದಿನ ಕ್ಯಾರಿಯರ್ ತುಂಬಿದ ಮೇಲೆ ಉಳಿದ ಚೀಲಗಳು ಹ್ಯಾಂಡಲ್‌ಗೆ ಜೋತುಬೀಳುತ್ತವೆ. ನೋಡುವವರಿಗೆ ಇದು ದಿನನಿತ್ಯದ ದೃಶ್ಯ. ಸವಾರನಿಗೆ ಮಾತ್ರ ಪ್ರತಿ ತಿರುವೂ ಒಂದು ಪರೀಕ್ಷೆ.

ಕಾರಣ ಸರಳ. ಹ್ಯಾಂಡಲ್‌ಗೆ ತೂಗುಹಾಕಿದ ಭಾರ ಅದರೊಂದಿಗೇ ತಿರುಗುತ್ತದೆ. ತಿರುಗಿಸಲು ಹೆಚ್ಚು ಬಲ ಬೇಕು. ತಿರುಗಿದ ಮೇಲೆ ಭಾರವೇ ಹ್ಯಾಂಡಲನ್ನು ಒಂದು ಬದಿಗೆ ಎಳೆಯುತ್ತದೆ. ತೂಗಾಡುವ ಚೀಲ ಚಕ್ರದ ಕಡ್ಡಿಗಳಿಗೆ ಸಿಕ್ಕಿದರೆ ಸವಾರ ಮುಂದಕ್ಕೆ ಉರುಳಿಯಾನು.

ಪರಿಹಾರವೇನೂ ಹೊಸದಲ್ಲ. ಬ್ರಿಟನ್ನಿನ ಅಂಗಡಿಗಳು ಮನೆಮನೆಗೆ ಸಾಮಾನು ಕಳುಹಿಸುತ್ತಿದ್ದ ಹಳೆಯ ಸೈಕಲ್‌ಗಳಲ್ಲಿ ಮುಂದಿನ ಚಕ್ರವನ್ನು ಚಿಕ್ಕದಾಗಿಸಿ, ಅದರ ಮೇಲಿನ ಬುಟ್ಟಿಯನ್ನು ಫ್ರೇಮ್‌ಗೇ ಬಿಗಿಯುತ್ತಿದ್ದರು. ಹ್ಯಾಂಡಲ್ ತಿರುಗಿದರೂ ಬುಟ್ಟಿ ತಿರುಗದು. ಡೆನ್ಮಾರ್ಕಿನ ‘ಲಾಂಗ್ ಜಾನ್’ ಸೈಕಲ್ಲು ಸವಾರನಿಗೂ ಮುಂದಿನ ಚಕ್ರಕ್ಕೂ ನಡುವೆ, ನೆಲಕ್ಕೆ ಹತ್ತಿರವಾಗಿ ಹೊರೆಗೆ ಜಾಗ ಮಾಡಿತು. ಕೋಪನ್‌ಹೇಗನ್ನಿನ ಕ್ರಿಸ್ಟಿಯಾನಿಯಾದಲ್ಲಿ 1984ರಲ್ಲಿ ರೂಪುಗೊಂಡ, ಮುಂದೆ ಎರಡು ಚಕ್ರ ಹಾಗೂ ಪೆಟ್ಟಿಗೆಯುಳ್ಳ ಸೈಕಲ್ಲಿನಲ್ಲಿ ತಂದೆತಾಯಿಯರು ಮಕ್ಕಳನ್ನೇ ಕೂರಿಸಿಕೊಂಡು ಹೋಗುತ್ತಾರೆ.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಿಸಲಾರಂಭಿಸಿ, ಸೈಕಲ್ಲೂ ಸಾರ್ವಜನಿಕ ನೀತಿಯ ವಿಷಯವಾಗಬಲ್ಲದೆಂದು ತೋರಿಸಿಕೊಟ್ಟಿತು. ದುಡಿಯುವವರ ಸೈಕಲ್ಲಿನತ್ತಲೂ ಅಂತಹುದೇ ಗಮನ ಹರಿಯಬೇಕು. ಫ್ರೇಮ್‌ಗೆ ಭದ್ರವಾಗಿ ಬಿಗಿದ ಮುಂದಿನ ಕ್ಯಾರಿಯರ್ ದುಬಾರಿ ತಂತ್ರಜ್ಞಾನವಲ್ಲ. ಬಡಾವಣೆಯ ವೆಲ್ಡಿಂಗ್ ಅಂಗಡಿಯಲ್ಲೇ ಆಗುವ ಕೆಲಸ. ಅದಕ್ಕೆ ಒಂದು ಸುರಕ್ಷಿತ ಮಾದರಿಯನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಒದಗಿಸಲಿ, ಅಲ್ಪಸ್ವಲ್ಪ ನೆರವನ್ನು ಸರ್ಕಾರ ನೀಡಲಿ. ನಮ್ಮ ಹೊರೆ ಹೊರುವವರಿಗೆ ಸಲ್ಲಬೇಕಾದ ಕನಿಷ್ಠ ಋಣವಿದು.