ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ: ಹಿರಿಯರ ವ್ಯಾಯಾಮ, ವುಝೂ ಮತ್ತು ನಮಾಝ್

ನಮ್ಮ ಮಸೀದಿಯ ಮೊದಲ ಸಫ್‌ನಲ್ಲಿ ನಿಲ್ಲುತ್ತಿದ್ದ ಹಿರಿಯರೊಬ್ಬರು ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಎರಡು ತಿಂಗಳಾದರೂ ಜುಮುಅಕ್ಕೆ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆವು. "ಮೂತ್ರ ಹಿಡಿದಿಡಲು ಆಗುವುದಿಲ್ಲ, ಮಸೀದಿಯ ಚಾಪೆ ಕೊಳಕಾದರೆ?" ಎಂದು ತಲೆ ತಗ್ಗಿಸಿದರು. ನಾಚಿಕೆಯಿಂದ ಮಂಚ ಬಿಟ್ಟು ಏಳುವುದನ್ನೇ ನಿಲ್ಲಿಸಿದ್ದರು. ಇಂಥವರು ಪ್ರತಿ ಮೊಹಲ್ಲಾದಲ್ಲೂ ಇರಬಹುದು. ಆದ್ದರಿಂದ ಈ ವಿಷಯವನ್ನು ಮುಚ್ಚಿಡದೆ ಹೇಳುತ್ತಿದ್ದೇವೆ.

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಗ್ರಂಥಿ. ಅದನ್ನು ತೆಗೆದಾಗ ಮೂತ್ರ ತಡೆಯುವ ಶಕ್ತಿ ಕುಂದುತ್ತದೆ. ಕ್ಯಾಥೆಟರ್ ತೆಗೆದ ನಂತರ ಸೋರಿಕೆ ಸಾಮಾನ್ಯ. ಹೆಚ್ಚಿನವರಲ್ಲಿ ಅದು ಕೆಲವು ತಿಂಗಳಲ್ಲಿ ತಗ್ಗುತ್ತದೆ, ಕೆಲವರಿಗೆ ಒಂದು ವರ್ಷವೂ ಬೇಕಾಗಬಹುದು.

ಮೊದಲ ವ್ಯಾಯಾಮ ನಡಿಗೆ. ವೈದ್ಯರು ಅನುಮತಿಸಿದ ದಿನದಿಂದಲೇ ಮನೆಯೊಳಗೆ ದಿನಕ್ಕೆ ಹಲವು ಬಾರಿ ಐದೈದು ನಿಮಿಷ ನಡೆಯಬೇಕು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ವಾರಗಳು ಕಳೆದಂತೆ ನಡಿಗೆಯನ್ನು ದಿನಕ್ಕೆ 30 ನಿಮಿಷದವರೆಗೆ ಏರಿಸಬಹುದು. ಮಸೀದಿಗೆ ನಡೆದು ಬರುವುದೂ ಇದರಲ್ಲಿ ಸೇರುತ್ತದೆ.

ಎರಡನೆಯದು ಮೂತ್ರ ತಡೆಯುವ ಸ್ನಾಯುಗಳ ವ್ಯಾಯಾಮ. ಕ್ಯಾಥೆಟರ್ ಇರುವಾಗ ಇದನ್ನು ಮಾಡಬಾರದು. ವಾಯು ಹೊರಹೋಗದಂತೆ ತಡೆಯುವಾಗ ಒಳಗೆ ಬಿಗಿಯಾಗುವ ಸ್ನಾಯುಗಳೇ ಇವು. ಅವನ್ನು ನಿಧಾನವಾಗಿ ಬಿಗಿದು, ಐದರವರೆಗೆ ಎಣಿಸಿ, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಬೇಕು. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಉಸಿರು ಕಟ್ಟಬಾರದು, ತೊಡೆ, ಹೊಟ್ಟೆ, ಪೃಷ್ಠ ಬಿಗಿಯಬಾರದು. ಮರೆಯದಿರಲು ಫಜ್ರ್, ಅಸರ್, ಇಶಾ ನಮಾಝ್ ಮುಗಿದ ಮೇಲೆ ಕುಳಿತಲ್ಲೇ ಮಾಡಿ. ಕೆಮ್ಮುವ, ಎದ್ದು ನಿಲ್ಲುವ ಮುನ್ನವೂ ಒಮ್ಮೆ ಬಿಗಿದರೆ ಸೋರಿಕೆ ಕಡಿಮೆಯಾಗುತ್ತದೆ.

ಸುಮಾರು ಆರು ವಾರ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ತುಂಬಿದ ಬಕೆಟ್ ಎತ್ತಬಾರದು. ಮೊಮ್ಮಗುವನ್ನು ಎತ್ತಿಕೊಳ್ಳದೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸೈಕಲ್ ಬೇಡ. ಸೋರಿಕೆಗೆ ಹೆದರಿ ನೀರು ಕುಡಿಯುವುದನ್ನು ಬಿಡಬೇಡಿ. ಮೂತ್ರ ಗಟ್ಟಿಯಾದರೆ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ. ಚಹಾ, ಕಾಫಿ ತಗ್ಗಿಸಿ. ಜ್ವರ, ಒಂದು ಕಾಲಿನಲ್ಲಿ ಊತ ಮತ್ತು ನೋವು, ಎದೆನೋವು, ಉಸಿರಾಟದ ತೊಂದರೆ ಅಥವಾ ಮೂತ್ರ ಕಟ್ಟಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನು ನಮಾಝ್. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ವಿಚಾರಿಸಿದಾಗ ಪ್ರವಾದಿ(ಸ) ಅವರು, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಅನುಮತಿ ನೀಡಿದ್ದರು. ಗಾಯ ಮಾಯುವವರೆಗೆ ಎಷ್ಟು ಬಾಗಬಹುದೆಂದು ವೈದ್ಯರನ್ನು ಕೇಳಿ, ಅಗತ್ಯವಿದ್ದರೆ ಕುರ್ಚಿ ಬಳಸಿ. ಸೋರಿಕೆ ನಿಲ್ಲದವರಿಗೂ ಶರೀಅತ್‌ನಲ್ಲಿ ರಿಯಾಯಿತಿಯಿದೆ. ಶುದ್ಧಗೊಳಿಸಿ, ಪ್ಯಾಡ್ ಧರಿಸಿ, ನಮಾಝಿನ ಸಮಯವಾದ ಮೇಲೆ ವುಝೂ ಮಾಡಬೇಕು. ಹನಫಿ ಮದ್‌ಹಬ್‌ನಲ್ಲಿ ಆ ವುಝೂ ಆ ಸಮಯ ಮುಗಿಯುವವರೆಗೆ ಸಾಕು. ಶಾಫಿಈ ಮದ್‌ಹಬ್‌ನಲ್ಲಿ ಪ್ರತಿ ಫರ್ಝ್‌ಗೂ ಹೊಸ ವುಝೂ ಬೇಕು. ನಿಮ್ಮ ಸ್ಥಿತಿ ಇದಕ್ಕೆ ಒಳಪಡುತ್ತದೆಯೇ ಎಂದು ಉಲಮಾಗಳಲ್ಲಿ ಕೇಳಿ ತಿಳಿಯಿರಿ.

ಮಕ್ಕಳೇ, ತಂದೆಗೆ ಪ್ಯಾಡ್ ತಂದುಕೊಡುವುದೂ ಸಂಜೆ ಜೊತೆಗೆ ನಡೆಯುವುದೂ ಖಿದ್ಮತ್. ಅವರು ಕೇಳಲಿ ಎಂದು ಕಾಯಬೇಡಿ.

ಆ ಹಿರಿಯರು ಈಗ ಜುಮುಅಕ್ಕೆ ಬರುತ್ತಾರೆ. ಬಾಗಿಲ ಬಳಿ, ಕುರ್ಚಿಯ ಮೇಲೆ. ಅಲ್‌ಹಮ್ದುಲಿಲ್ಲಾಹ್.