ಅಬ್ಬಾ ಮಾತ್ರೆ ಏಕೆ ಬಿಡಬಾರದು?

ಕೊಲೆಸ್ಟ್ರಾಲ್ ಹೆಚ್ಚಾದರೆ ನೋವು, ಜ್ವರ ಏನೂ ಬರುವುದಿಲ್ಲ. ಕೆಲವರಿಗೆ ಕಣ್ಣಿನ ರೆಪ್ಪೆಯ ಮೇಲೆ ಹಳದಿ ಮಚ್ಚೆ ಕಾಣಬಹುದು, ಅಷ್ಟೇ. ಅದಕ್ಕೇ ನಮ್ಮ ಫ್ಯಾಮಿಲಿ ಡಾಕ್ಟರ್ ಮೊದಲು ಪ್ರಶ್ನೆ ಕೇಳುತ್ತಾರೆ: ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದೆಯೇ? ಬೀಡಿ, ಸಿಗರೇಟು ಸೇದುತ್ತೀರಾ? ಬಿಪಿ, ಶುಗರ್ ಇದೆಯೇ? ಆಮೇಲೆ ಲಿಪಿಡ್ ಪ್ರೊಫೈಲ್ ಎಂಬ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಥೈರಾಯ್ಡ್ ಕಡಿಮೆಯಾದರೂ ಕೊಲೆಸ್ಟ್ರಾಲ್ ಏರುವುದರಿಂದ ಕೆಲವೊಮ್ಮೆ ಅದನ್ನೂ ನೋಡುತ್ತಾರೆ.

ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲ್ 200ರೊಳಗಿದ್ದರೆ ಎಲ್ಲರಿಗೂ ಸಮಾಧಾನ. ಕಾಮರ್ಸ್ ಓದುವ ನನಗೆ ಬರೀ ಮೊತ್ತ ನೋಡಿದರೆ ಸಾಲದು, ಒಳಗಿನ ಲೆಕ್ಕ ಬೇಕು. ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವುದು ಎಲ್‌ಡಿಎಲ್. ಅದು 100ರೊಳಗಿದ್ದರೆ ಒಳ್ಳೆಯದು. ಹೃದ್ರೋಗ ಇರುವವರಿಗೆ 70ಕ್ಕಿಂತಲೂ ಕೆಳಗೆ ಬೇಕು.

ಅಬ್ಬಾ ಮೂರು ತಿಂಗಳು ಅಟೋರ್ವಾಸ್ಟಾಟಿನ್ ಮಾತ್ರೆ ತೆಗೆದುಕೊಂಡರು. ಎಲ್‌ಡಿಎಲ್ 168ರಿಂದ 92ಕ್ಕೆ ಇಳಿಯಿತು. "ವಾಸಿಯಾಯ್ತಲ್ಲ" ಎಂದು ಮಾತ್ರೆ ಬಿಟ್ಟರು. ಮುಂದಿನ ಪರೀಕ್ಷೆಯಲ್ಲಿ ಮತ್ತೆ 160! ಡಾಕ್ಟರ್ ಬಿಡಿಸಿ ಹೇಳಿದರು: ದೇಹದ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು ನಾವು ತಿಂದದ್ದಲ್ಲ, ದೇಹವೇ ತಯಾರಿಸಿದ್ದು. ಮಾತ್ರೆ ಯಕೃತ್ತಿನಲ್ಲಿ ಆ ತಯಾರಿಕೆಯನ್ನು ತಗ್ಗಿಸುತ್ತದೆ, ಅದೂ ನುಂಗುತ್ತಿರುವಷ್ಟು ದಿನ ಮಾತ್ರ. ಸ್ನಾಯು ನೋವು ಬಂದರೂ ನಾವೇ ಬಿಡಬಾರದು, ಅವರಿಗೆ ತಿಳಿಸಬೇಕು.

ರೋಜಾ ದಿನಗಳ ಬಗ್ಗೆ ಅಮ್ಮಿ ಕೇಳಿದರು. ಈ ಮಾತ್ರೆಗೆ ಇಂಥದೇ ಹೊತ್ತು ಎಂದೇನಿಲ್ಲ, ಇಫ್ತಾರ್ ಆದ ಮೇಲೆ ಕೊಡಿ ಎಂದರು. ಜೊತೆಗೆ ಡಾಲ್ಡಾದಲ್ಲಿ ಕರಿದದ್ದು ಬೇಡ, ದಿನಕ್ಕೆ ಅರ್ಧ ಗಂಟೆ ನಡಿಗೆ ಬೇಕು ಎಂದೂ ಹೇಳಿದರು. ಸಮೋಸ ಬಿಡುವುದೇ ಅಬ್ಬಾಗೆ ಮಾತ್ರೆಗಿಂತ ಕಷ್ಟವಾಗಿದೆ.