ಗುಟ್ಟು ಸೊಂಟದಲ್ಲಿದೆ

ಜಾತ್ರೆಯ ಸಾಲಂಗಡಿಯಲ್ಲಿ ಪ್ಲಾಸ್ಟಿಕ್ ಡೈನೋಸಾರ್‌ಗಳ ಪೊಟ್ಟಣ ಸಿಗುತ್ತದಲ್ಲ, ಅದನ್ನೊಂದು ತಂದು ನೆಲದ ಮೇಲೆ ಸುರಿದುಕೊಳ್ಳಿ. ಅಗಲ ಬಾಯಿಯ ಟಿ. ರೆಕ್ಸ್ ಇದ್ದೇ ಇರುತ್ತದೆ. ಮೂರು ಕೊಂಬಿನ ಟ್ರೈಸೆರಾಟಾಪ್ಸ್, ಬೆನ್ನುದ್ದಕ್ಕೂ ಮೂಳೆಯ ಹಲಗೆಗಳಿರುವ ಸ್ಟೆಗೊಸಾರಸ್, ಉದ್ದ ಕತ್ತಿನ ಬ್ರಾಕಿಯೊಸಾರಸ್ ಕೂಡ ಇರುತ್ತವೆ. ಇವುಗಳ ಜೊತೆಗೆ ಚರ್ಮದ ರೆಕ್ಕೆ ಬಿಚ್ಚಿಕೊಂಡ ಟೆರಾನೊಡಾನ್, ನಾಲ್ಕು ಈಜುಗಾಲುಗಳ ಪ್ಲೀಸಿಯೊಸಾರ್, ಬೆನ್ನ ಮೇಲೆ ಎತ್ತರದ ಚರ್ಮದ ಹಾಯಿ ಹೊತ್ತ ಡೈಮೆಟ್ರೊಡಾನ್ ಬಂದಿರುತ್ತವೆ. ಕೆಲವು ಪೊಟ್ಟಣಗಳಲ್ಲಿ ಕೂದಲು ತುಂಬಿದ ಮ್ಯಾಮತ್ ಆನೆಯೂ ಉಂಟು.

ಪೊಟ್ಟಣದ ಮೇಲೆ ‘ಡೈನೋಸಾರ್’ ಎಂದು ಅಚ್ಚಾಗಿದ್ದರೂ ಒಳಗಿರುವುದೆಲ್ಲ ಡೈನೋಸಾರ್ ಅಲ್ಲ. ಕೊನೆಯ ನಾಲ್ಕನ್ನು ಎತ್ತಿ ಪಕ್ಕಕ್ಕಿಡಬೇಕು. ಹಾಗಾದರೆ ಯಾವುದನ್ನು ನೋಡಿ ವಿಂಗಡಿಸುವುದು? ಗಾತ್ರ ನೋಡಿದರೆ ಆಗದು, ಬೆಕ್ಕಿಗಿಂತ ಚಿಕ್ಕ ಡೈನೋಸಾರ್‌ಗಳೂ ಇದ್ದವು. ಕ್ರೌರ್ಯ ನೋಡಿದರೂ ಆಗದು, ಅವುಗಳಲ್ಲಿ ಬಹಳಷ್ಟು ಸೊಪ್ಪುಸದೆ ತಿಂದು ಬದುಕಿದವು. ‘ಈಗ ಭೂಮಿಯ ಮೇಲಿಲ್ಲ’ ಎಂಬುದಂತೂ ಲೆಕ್ಕಕ್ಕೇ ಬಾರದು. ಏಕೆಂದು ಮುಂದೆ ಹೇಳುತ್ತೇನೆ. ವಿಜ್ಞಾನಿಗಳು ಮೊದಲು ನೋಡುವುದು ಕಾಲನ್ನು, ಅದು ಸೊಂಟಕ್ಕೆ ಸೇರುವ ಜಾಗವನ್ನು.

ಕಾಲು ಎಲ್ಲಿಂದ ಇಳಿದಿದೆ?

ಒಂದು ಸಣ್ಣ ಪ್ರಯೋಗ ಮಾಡಿ. ಬೋರಲು ಮಲಗಿ ಅಂಗೈ ಊರಿ, ಮೊಣಕೈಗಳನ್ನು ಎರಡೂ ಬದಿಗೆ ಬಾಗಿಸಿ, ಎದೆಯನ್ನು ನೆಲದಿಂದ ನಾಲ್ಕು ಬೆರಳಿನಷ್ಟು ಮಾತ್ರ ಮೇಲೆತ್ತಿ ಹಿಡಿಯಿರಿ. ಸ್ವಲ್ಪ ಹೊತ್ತಿಗೇ ತೋಳು ನಡುಗತೊಡಗುತ್ತದೆ. ಈಗ ಕೈಗಳನ್ನು ಭುಜದ ನೇರ ಕೆಳಗೆ ನೆಟ್ಟಗೆ ಊರಿ. ಮೈಭಾರ ಅಷ್ಟೇ ಇದೆ, ಆದರೂ ಹಾಯಾಗಿ ನಿಲ್ಲಬಹುದು. ಮೊದಲ ಭಂಗಿಯಲ್ಲಿ ಭಾರ ಹೊತ್ತದ್ದು ಸ್ನಾಯು, ಎರಡನೆಯದರಲ್ಲಿ ಮೂಳೆ.

ಓತಿಕ್ಯಾತ, ಹಲ್ಲಿ, ಉಡಗಳದ್ದು ಮೊದಲ ಭಂಗಿ. ಅವುಗಳ ಕಾಲು ಮೈಯಿಂದ ಪಕ್ಕಕ್ಕೆ ಚಾಚಿ, ಆಮೇಲೆ ಕೆಳಕ್ಕೆ ಬಾಗುತ್ತದೆ. ಓಡುವಾಗ ಮೈ ಎಡಕ್ಕೂ ಬಲಕ್ಕೂ ಬಳುಕಿ ಎದೆಗೂಡು ಒತ್ತಿಹೋಗುವುದರಿಂದ ಓಟದ ನಡುವೆ ಉಸಿರಾಟವೂ ಕಷ್ಟ. ಡೈನೋಸಾರ್‌ಗಳದ್ದು ಎರಡನೆಯ ಭಂಗಿ. ಅವುಗಳ ತೊಡೆಮೂಳೆಯ ತುದಿ ಒಳಕ್ಕೆ ತಿರುಗಿ ಸೊಂಟದ ಕುಳಿಯಲ್ಲಿ ಕೂರುತ್ತದೆ, ಕಾಲು ಮೈಯ ಕೆಳಗೆ ನೇರವಾಗಿ ಇಳಿಯುತ್ತದೆ.

ಆನೆ, ಹಸು, ಕುದುರೆಗಳ ಕಾಲೂ ನೇರವಾಗಿಯೇ ಇವೆಯಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ವ್ಯತ್ಯಾಸ ಇರುವುದು ಆ ಕುಳಿಯಲ್ಲಿ. ನಮ್ಮಂಥ ಸಸ್ತನಿಗಳ ಸೊಂಟದ ಕುಳಿಗೆ ಮೂಳೆಯ ತಳ ಇರುತ್ತದೆ. ಡೈನೋಸಾರ್‌ನ ಕುಳಿಗೆ ಆ ತಳವಿಲ್ಲ, ಅದು ಆಚೆಗೂ ಈಚೆಗೂ ತೆರೆದ ತೂತು. ಬದುಕಿದ್ದಾಗ ಮೃದ್ವಸ್ಥಿ ಅದನ್ನು ಮುಚ್ಚಿರುತ್ತಿತ್ತು. ಮೃದ್ವಸ್ಥಿ ಕೊಳೆತುಹೋದ ಮೇಲೆ ಕಲ್ಲಾಗಿ ಉಳಿದ ಮೂಳೆಯಲ್ಲಿ ತೂತು ಕಾಣುತ್ತದೆ. ಮೈಗೆಲ್ಲ ಮೂಳೆಯ ಕವಚ ತೊಟ್ಟ ಆಂಕೈಲೊಸಾರ್‌ಗಳಲ್ಲಿ ಮಾತ್ರ ಈ ತೂತು ಕಾಲಕ್ರಮದಲ್ಲಿ ಮತ್ತೆ ಮುಚ್ಚಿಕೊಂಡಿತು. ಹಾಗಾಗಿ ವಿಜ್ಞಾನಿಗಳು ಒಂದೇ ಗುರುತನ್ನು ನಂಬಿ ಕೂರುವುದಿಲ್ಲ. ಕಣಕಾಲು, ತೋಳಿನ ಮೂಳೆ, ಬೆನ್ನೆಲುಬು ಎಲ್ಲವನ್ನೂ ಹೋಲಿಸಿ ಯಾರು ಯಾರ ವಂಶದವರು ಎಂದು ನೋಡುತ್ತಾರೆ.

ಈ ಪರೀಕ್ಷೆ ಇಂದು ನಿನ್ನೆಯದಲ್ಲ. 1842ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವೆನ್ ‘ಡೈನೋಸಾರ್’ ಎಂಬ ಗುಂಪನ್ನು ಮೊದಲ ಬಾರಿಗೆ ಹೆಸರಿಸಿದಾಗ ಅವರು ಆಧರಿಸಿದ್ದು ಮೆಗಲೊಸಾರಸ್, ಇಗ್ವಾನೊಡಾನ್, ಹೈಲಿಯೊಸಾರಸ್ ಎಂಬ ಮೂರು ಪ್ರಾಣಿಗಳ ಅರೆಬರೆ ಮೂಳೆಗಳನ್ನು. ಮೂರರಲ್ಲೂ ಸೊಂಟದ ಬಳಿಯ ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು, ಕಾಲುಗಳು ಭಾರ ಹೊರಲು ನೇರವಾಗಿ ನಿಂತಂಥವು. ಬೇರೆ ಸರೀಸೃಪಗಳಲ್ಲಿ ಹೀಗಿಲ್ಲವೆಂದು ಅವರು ಈ ಮೂರನ್ನು ಬೇರೆ ಗುಂಪಾಗಿಸಿದರು.

ಪಕ್ಕಕ್ಕಿಟ್ಟ ನಾಲ್ವರು

ಈಗ ಪಕ್ಕಕ್ಕಿಟ್ಟವರನ್ನು ನೋಡೋಣ. ಟೆರಾನೊಡಾನ್ ಹಾರುವ ಸರೀಸೃಪ. ಅದರ ರೆಕ್ಕೆಯ ಚರ್ಮವನ್ನು ಹಿಡಿದು ನಿಲ್ಲಿಸಿದ್ದು ವಿಪರೀತ ಉದ್ದಕ್ಕೆ ಬೆಳೆದ ನಾಲ್ಕನೆಯ ಬೆರಳು. ಡೈನೋಸಾರ್‌ಗಳಿಗೆ ಹತ್ತಿರದ ದಾಯಾದಿ ಹೌದು, ಆ ಮನೆಯದ್ದಲ್ಲ. ಪ್ಲೀಸಿಯೊಸಾರ್ ಕಡಲಿನಲ್ಲೇ ಈಜಿ, ಅಲ್ಲೇ ಮರಿ ಹಾಕಿ ಬದುಕಿದ ಇನ್ನೊಂದು ವಂಶ. ಮ್ಯಾಮತ್ ನಮ್ಮ ಆನೆಗಳ ನೆಂಟ. ಅದರ ಕೊನೆಯ ಹಿಂಡು ಉತ್ತರದ ಹಿಮಸಾಗರದ ರಾಂಗೆಲ್ ದ್ವೀಪದಲ್ಲಿ ಸುಮಾರು 4,000 ವರ್ಷಗಳ ಹಿಂದಿನವರೆಗೂ ಇತ್ತು.

ಎಲ್ಲಕ್ಕಿಂತ ಅಚ್ಚರಿಯದು ಡೈಮೆಟ್ರೊಡಾನ್. ಅದು ಬದುಕಿ ಅಳಿದದ್ದು 27 ಕೋಟಿ ವರ್ಷಗಳಿಗೂ ಹಿಂದೆ, ಡೈನೋಸಾರ್‌ಗಳು ಹುಟ್ಟುವ ಎಷ್ಟೋ ಮೊದಲು. ವಂಶಾವಳಿಯಲ್ಲಿ ಅದು ಟಿ. ರೆಕ್ಸ್‌ಗಿಂತ ನಮಗೇ ಹತ್ತಿರ. ಅದು ಸಸ್ತನಿಗಳ ಕವಲಿಗೆ ಸೇರಿದ ಪ್ರಾಣಿ.

ಉಳಿದವರು ನಿಜವಾದ ಡೈನೋಸಾರ್‌ಗಳೇ, ಆದರೆ ಎಲ್ಲರೂ ಒಂದೇ ಕಾಲದವರಲ್ಲ. ನಮಗೆ ಗೊತ್ತಿರುವ ಅತಿ ಹಳೆಯ ಡೈನೋಸಾರ್‌ಗಳಲ್ಲಿ ಕೆಲವು ಅರ್ಜೆಂಟೀನಾದ ಸುಮಾರು 23 ಕೋಟಿ ವರ್ಷ ಹಳೆಯ ಶಿಲೆಗಳಲ್ಲಿ ಸಿಕ್ಕಿವೆ. ಸ್ಟೆಗೊಸಾರಸ್ ಬದುಕಿದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ. ಟಿ. ರೆಕ್ಸ್ ಬಂದದ್ದು ಕೊಟ್ಟಕೊನೆಗೆ, 7 ಕೋಟಿ ವರ್ಷಗಳಿಗೂ ಈಚೆ. ಇಬ್ಬರ ನಡುವಿನ ಅಂತರ ಸುಮಾರು 8 ಕೋಟಿ ವರ್ಷ. ಟಿ. ರೆಕ್ಸ್‌ಗೂ ನಿಮಗೂ ಇರುವ ಅಂತರ ಅದಕ್ಕಿಂತ ಕಡಿಮೆ! ಆಟದಲ್ಲಿ ಅವೆರಡನ್ನೂ ಕಾದಾಡಿಸಿ, ಅಡ್ಡಿಯಿಲ್ಲ. ಕಾಡಿನಲ್ಲಿ ಮಾತ್ರ ಅವು ಎಂದೂ ಮುಖಾಮುಖಿಯಾಗಲಿಲ್ಲ.

ನೇರ ಕಾಲು ಕೊಟ್ಟ ವರ

ಮೂಳೆಯೇ ಭಾರ ಹೊತ್ತರೆ ಮೈ ಬಹಳ ದೊಡ್ಡದಾಗಿ ಬೆಳೆಯುವ ದಾರಿ ತೆರೆಯುತ್ತದೆ. ಉದ್ದ ಕತ್ತಿನ ಸಸ್ಯಾಹಾರಿಗಳು ಆ ದಾರಿಯಲ್ಲಿ ಬಹಳ ದೂರ ಹೋದವು. ಅರ್ಜೆಂಟೀನಾದಲ್ಲಿ ಸಿಕ್ಕ ಅರ್ಜೆಂಟಿನೊಸಾರಸ್ 60–70 ಟನ್ ತೂಗಿರಬೇಕೆಂಬ ಅಂದಾಜಿದೆ. ಅಂದರೆ ಹತ್ತು ದೊಡ್ಡ ಆನೆಗಳ ತೂಕ. ಇದನ್ನು ಸಾಧಿಸಿದ್ದು ಕಾಲೊಂದೇ ಅಲ್ಲ. ಅವುಗಳ ಕತ್ತಿನ ಮೂಳೆಗಳ ಒಳಗೆ ಗಾಳಿಯ ಪೊಳ್ಳುಗಳಿದ್ದು ಕತ್ತು ಹಗುರಾಗಿತ್ತು. ಹಲ್ಲು ಸೊಪ್ಪನ್ನು ಕೀಳುವುದಕ್ಕಷ್ಟೇ ಇದ್ದದ್ದು. ಅಗಿಯುವ ಕೆಲಸವಿಲ್ಲದ್ದರಿಂದ ದೊಡ್ಡ ದವಡೆ ಬೇಕಿರಲಿಲ್ಲ, ತಲೆ ಚಿಕ್ಕದಾಗಿಯೇ ಉಳಿಯಿತು. ತಲೆ ಚಿಕ್ಕದಿದ್ದರೆ ಕತ್ತನ್ನು ಬಹಳ ಉದ್ದಕ್ಕೆ ಚಾಚಬಹುದು. ನಿಂತಲ್ಲೇ ನಿಂತು ಸುತ್ತಲಿನ ಸೊಪ್ಪನ್ನೆಲ್ಲ ನುಂಗಿದರೆ ಆಯಿತು, ಜೀರ್ಣಿಸುವ ಕೆಲಸವನ್ನು ಭಾರಿ ಹೊಟ್ಟೆ ನಿಧಾನವಾಗಿ ಮಾಡುತ್ತಿತ್ತು.

ಇನ್ನು ಕೆಲವು ಎರಡೇ ಕಾಲಿನಲ್ಲಿ ನಡೆದವು. ಸೊಂಟವನ್ನು ತಕ್ಕಡಿಯ ನಡುಗಂಬ ಎಂದುಕೊಳ್ಳಿ. ಒಂದು ಕಡೆ ಟಿ. ರೆಕ್ಸ್‌ನ ಭಾರದ ತಲೆ, ಇನ್ನೊಂದು ಕಡೆ ಅದನ್ನು ತೂಗುವ ದಪ್ಪ ಬಾಲ. ಬಾಲ ನೆಲಕ್ಕೆ ಎಳೆದಾಡುವಂತೆ ಮಾಡಿದ ಗೊಂಬೆ ನಿಮ್ಮಲ್ಲಿದ್ದರೆ ಅದು ತಪ್ಪು. ಒದ್ದೆ ಮಣ್ಣಿನಲ್ಲಿ ಮೂಡಿ ಕಲ್ಲಾದ ಡೈನೋಸಾರ್ ಹೆಜ್ಜೆಗುರುತುಗಳು ಎಷ್ಟೋ ದೇಶಗಳಲ್ಲಿ ಸಿಕ್ಕಿವೆ. ಎಡ ಬಲ ಹೆಜ್ಜೆಗಳು ಹತ್ತಿರ ಹತ್ತಿರವೇ ಬಿದ್ದಿವೆ, ಬಾಲ ಎಳೆದ ಗೀರು ತೀರ ಅಪರೂಪ.

ಸತ್ತದ್ದರ ಗುಣ ತಿಳಿಯುವುದು ಹೇಗೆ?

ಮೂಳೆ ಓದುವುದು ಸುಲಭವಲ್ಲ. ಇಗ್ವಾನೊಡಾನ್‌ನ ಒಂದು ಚೂಪು ಮೂಳೆ ಮೊದಲು ಬಿಡಿಯಾಗಿ ಸಿಕ್ಕಿತ್ತು. ಆ ಪ್ರಾಣಿಯನ್ನು ಪತ್ತೆ ಮಾಡಿ ಹೆಸರಿಟ್ಟ ಗಿಡಿಯನ್ ಮ್ಯಾಂಟೆಲ್ ಆ ಮೂಳೆ ಮೂಗಿನ ಕೊಂಬು ಎಂದುಕೊಂಡರು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ ನಿಲ್ಲಿಸಿದ ಇಗ್ವಾನೊಡಾನ್ ಪ್ರತಿಮೆಗಳಿಗೂ ಮೂಗಿನ ಮೇಲೆ ಕೊಂಬು ಬಂತು, ಇಂದಿಗೂ ಇದೆ. 1878ರಲ್ಲಿ ಬೆಲ್ಜಿಯಂನ ಬೆರ್ನಿಸ್ಸಾರ್ ಕಲ್ಲಿದ್ದಲ ಗಣಿಯಲ್ಲಿ ಇಡಿ ಇಡಿ ಅಸ್ಥಿಪಂಜರಗಳು ಸಿಕ್ಕಾಗ ಆ ‘ಕೊಂಬು’ ಇರುವ ಜಾಗ ತಿಳಿಯಿತು. ಅದು ಹೆಬ್ಬೆರಳು!

ಈಗ ಮೂಳೆಯನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮರದ ಕಾಂಡದಲ್ಲಿ ಕಾಣುವಂಥ ಬೆಳವಣಿಗೆಯ ಬಳೆಗಳು ಅಲ್ಲೂ ಕಾಣುತ್ತವೆ. ಅಮೆರಿಕದ ಸೌತ್ ಡಕೋಟದಲ್ಲಿ 1990ರಲ್ಲಿ ಸಿಕ್ಕ ‘ಸೂ’ ಎಂಬ ಟಿ. ರೆಕ್ಸ್ ಈಗ ಷಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿದೆ. ಅದರ ಉದ್ದ 12 ಮೀಟರ್‌ಗೂ ಹೆಚ್ಚು. ಬಳೆಗಳನ್ನು ಎಣಿಸಿದಾಗ ಅದು ಸತ್ತದ್ದು ಸುಮಾರು 28ನೆಯ ವಯಸ್ಸಿಗೆ ಎಂದು ಕಂಡುಬಂತು. ಟಿ. ರೆಕ್ಸ್ ಹದಿಹರೆಯದ ಕೆಲವು ವರ್ಷಗಳಲ್ಲಿ ದಿನಕ್ಕೆ ಸುಮಾರು 2 ಕಿಲೊ ಮೈಗೂಡಿಸಿಕೊಳ್ಳುತ್ತಿತ್ತು ಎಂಬ ಲೆಕ್ಕ ಹುಟ್ಟಿದ್ದೂ ಇಂಥ ಬಳೆಗಳಿಂದಲೇ.

ಬಣ್ಣವೂ ಪೂರ್ತಿ ಊಹೆಯಲ್ಲ. 1996ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತ್ಯದಿಂದ ಸೈನೊಸಾರೊಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್‌ನ ಪಳೆಯುಳಿಕೆ ಬಂತು. ಅದರ ಮೈಯಂಚಿನಲ್ಲಿ ನವಿರಾದ ಪುಕ್ಕದ ಗುರುತಿತ್ತು. ಆ ಪುಕ್ಕಗಳಲ್ಲಿ ಬಣ್ಣದ ಕಣಗಳ ಅವಶೇಷ ಉಳಿದಿರುವುದನ್ನು 2010ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದರ ಬಾಲದಲ್ಲಿ ಕೆಂಗಂದು ಮತ್ತು ಬಿಳಿ ಪಟ್ಟೆಗಳಿದ್ದವು.

ನಮ್ಮ ನೆಲದ ಡೈನೋಸಾರ್‌ಗಳು

ಡೈನೋಸಾರ್ ನೋಡಲು ಷಿಕಾಗೊವರೆಗೆ ಹೋಗಬೇಕಿಲ್ಲ. ಹೈದರಾಬಾದಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಗೋದಾವರಿ ಕಣಿವೆಯ ಕೋಟಾಸಾರಸ್ ನಿಂತಿದೆ, ಸುಮಾರು 9 ಮೀಟರ್ ಉದ್ದದ ಸಸ್ಯಾಹಾರಿ. ಅದೇ ಕಣಿವೆಯ ಬಾರಾಪಾಸಾರಸ್ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದೆ. ಅದರ ತೊಡೆಮೂಳೆಯೊಂದೇ ದೊಡ್ಡವರೊಬ್ಬರ ಎತ್ತರಕ್ಕೆ ಸಮ. ಗುಜರಾತಿನ ಬಾಲಾಸಿನೋರ್ ಬಳಿಯ ರೈಯೊಲಿಯಲ್ಲಿ ಸಿಕ್ಕ ಮೂಳೆಗಳಿಂದ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಮಾಂಸಾಹಾರಿಗೆ ಹೆಸರಾಯಿತು. ಅದರ ತಲೆಯ ಮೇಲೆ ಒಂದು ಮೋಟು ಕೊಂಬಿತ್ತು.

ಮೊಟ್ಟೆಗಳ ವಿಷಯದಲ್ಲಂತೂ ನಮ್ಮ ದೇಶ ಶ್ರೀಮಂತ. ಮಧ್ಯಪ್ರದೇಶದ ಧಾರ್ ಜಿಲ್ಲೆಯಿಂದ 92 ಗೂಡುಗಳು, 256 ಮೊಟ್ಟೆಗಳು ಸಿಕ್ಕ ವರದಿ 2023ರಲ್ಲಿ ಬಂತು. ಇಂಥ ಮೊಟ್ಟೆಗಳ ಅಡ್ಡಳತೆ ಸುಮಾರು 15 ಸೆಂಟಿಮೀಟರ್ ಅಥವಾ ತುಸು ಹೆಚ್ಚು. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ 1984ರಲ್ಲಿ ಪತ್ತೆ ಮಾಡಿದ ಗೂಡೊಂದರಲ್ಲಿ ಮೊಟ್ಟೆಗಳೂ ಅರ್ಧ ಮೀಟರ್ ಉದ್ದದ ಮರಿಯೂ ಇದ್ದವು. ಪಕ್ಕದಲ್ಲಿದ್ದ ಕೆಲವು ಮೂಳೆಗಳು ಹಾವಿನವು ಎಂದು ಆಮೇಲೆ ತಿಳಿಯಿತು. ಮೂರೂವರೆ ಮೀಟರ್ ಉದ್ದದ ಹಾವು ಮರಿಗಾಗಿ ಗೂಡಿಗೆ ನುಗ್ಗಿತ್ತು, ಅಷ್ಟರಲ್ಲಿ ಮಣ್ಣು ಕುಸಿದು ಎಲ್ಲವೂ ಹೂತುಹೋದವು. 2010ರಲ್ಲಿ ಆ ಹಾವಿಗೆ ಸನಾಜೆ ಎಂದು ಹೆಸರಿಟ್ಟರು. ಬೆಳೆದ ಮೇಲೆ ಯಾರಿಗೂ ಜಗ್ಗದ ಡೈನೋಸಾರ್‌ಗೂ ಮರಿಯಾಗಿದ್ದಾಗ ಹಾವಿನ ಭಯ ತಪ್ಪಿರಲಿಲ್ಲ.

ಕರ್ನಾಟಕದ ನೆಲದಲ್ಲಿ ಅವುಗಳ ಮೂಳೆ ಹುಡುಕುವುದು ಏಕೆ ಕಷ್ಟ? ಉತ್ತರ ಕಲ್ಲಿನಲ್ಲಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಬಾದಾಮಿಯ ಕೆಂಪು ಮರಳುಗಲ್ಲು ಕೂಡ ಡೈನೋಸಾರ್‌ಗಳಿಗಿಂತ ಬಹಳ ಹಳೆಯದು. ಪ್ರಾಣಿ ಹುಟ್ಟುವ ಮೊದಲೇ ಗಟ್ಟಿಯಾದ ಕಲ್ಲಿನೊಳಗೆ ಅದರ ಮೂಳೆ ಇರುವುದು ಹೇಗೆ? ಉತ್ತರದಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲು ಡೈನೋಸಾರ್‌ಗಳ ಕೊನೆಗಾಲದ್ದೇ, ಸುಮಾರು 6.6 ಕೋಟಿ ವರ್ಷ ಹಿಂದಿನದು. ಆದರೆ ಅದು ಹರಿದು ಆರಿದ ಲಾವಾ. ಮೂಳೆಯನ್ನು ಜೋಪಾನವಾಗಿಡುವುದು ಕೆಸರು, ಮರಳು. ಕುದಿಯುವ ಲಾವಾ ಅದನ್ನು ಸುಟ್ಟುಬಿಡುತ್ತದೆ. ಆ ಭಾಗದ ಎರೆಹೊಲದ ಕಪ್ಪು ಮಣ್ಣು ಅದೇ ಲಾವಾಕಲ್ಲು ಸವೆದು ಆದದ್ದು.

ಅಳಿಯದೆ ಉಳಿದ ಮನೆ

ಆ ಲಾವಾ ಹರಿಯುತ್ತಿದ್ದ ಕಾಲಕ್ಕೇ ಈಗಿನ ಮೆಕ್ಸಿಕೊದ ಅಂಚಿಗೆ ಸುಮಾರು 10 ಕಿಲೋಮೀಟರ್ ಅಗಲದ ಆಕಾಶದ ಬಂಡೆಯೊಂದು ಬಂದು ಬಡಿಯಿತು. ಎದ್ದ ಧೂಳು, ಮಸಿ ಸೂರ್ಯನನ್ನು ಮುಚ್ಚಿದವು. ಗಿಡ ಸತ್ತವು, ಗಿಡ ತಿನ್ನುವವು ಸತ್ತವು, ಅವನ್ನು ತಿನ್ನುವವೂ ಸತ್ತವು. ಆದರೆ ಪುಕ್ಕ ತೊಟ್ಟ ಪುಟ್ಟ ಡೈನೋಸಾರ್‌ಗಳ ಒಂದು ಕವಲು ಆ ಕಷ್ಟವನ್ನು ದಾಟಿ ಬಂತು. ಅದನ್ನು ನಾವು ಹಕ್ಕಿ ಎನ್ನುತ್ತೇವೆ. ಪೊಳ್ಳು ಮೂಳೆ, ಮುಂದಕ್ಕೆ ಚಾಚಿದ ಮೂರು ಕಾಲ್ಬೆರಳು, ಎದೆಯ ಮೇಲೆ ಕವಣೆಯಾಕಾರದ ಮೂಳೆ ಟಿ. ರೆಕ್ಸ್‌ಗೂ ಇದ್ದವು, ಪಾರಿವಾಳಕ್ಕೂ ಇವೆ. ‘ಈಗ ಭೂಮಿಯ ಮೇಲಿಲ್ಲ’ ಎಂಬುದು ಲೆಕ್ಕಕ್ಕೆ ಬಾರದು ಎಂದದ್ದು ಇದಕ್ಕೇ.

ನಂಬಿಕೆ ಬಾರದಿದ್ದರೆ ನೀವೇ ಪರೀಕ್ಷಿಸಿ. ಮನೆಯಲ್ಲಿ ಕೋಳಿಸಾರು ಮಾಡುವ ರೂಢಿಯಿದ್ದರೆ ಸೊಂಟದ ಭಾಗವನ್ನು ಕತ್ತರಿಸದೆ ಇಡಿಯಾಗಿ ಬೇಯಿಸಲು ಅಮ್ಮನನ್ನೋ ಅಜ್ಜಿಯನ್ನೋ ಕೇಳಿ. ಊಟವಾದ ಮೇಲೆ ಮಾಂಸವನ್ನೆಲ್ಲ ಬಿಡಿಸಿ, ಮೂಳೆಯನ್ನು ತೊಳೆದು, ತೊಡೆಮೂಳೆ ಕೂರುವ ಜಾಗವನ್ನು ಬೆಳಕಿಗೆ ಹಿಡಿಯಿರಿ. ಮಾಂಸ ತಿನ್ನದ ಮನೆಯವರು ಶಾಲೆಯ ಜೀವಶಾಸ್ತ್ರದ ಮೇಷ್ಟ್ರನ್ನು ಹಕ್ಕಿಯ ಅಸ್ಥಿಪಂಜರ ಇದೆಯೇ ಎಂದು ಕೇಳಬಹುದು. ಎರಡೂ ಬದಿಗೆ ಒಂದೊಂದು ದುಂಡನೆಯ ತೂತು ಕಂಡರೆ ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಬರೆದು, ಕೆಳಗೆ ‘ಡೈನೋಸಾರ್’ ಎಂದು ಧೈರ್ಯವಾಗಿ ಬರೆಯಿರಿ. ಯಾರಾದರೂ ನಕ್ಕರೆ ಕಾರಣ ಹೇಳುವುದು ಈಗ ನಿಮಗೆ ಗೊತ್ತು.